ಗಾಯದ ಎಣ್ಣೆಯಿಂದ ಮನಸ್ಸಿನ ಮಾತ್ರೆಯವರೆಗೆ: ಸೇಂಟ್ ಜಾನ್ಸ್ ವರ್ಟ್ ಎಂಬ ಕಾಡುಗಿಡದ ಗುಣ ಮತ್ತು ಅಪಾಯ

ಗಿಡಮೂಲಿಕೆಗಳ ಸುರಕ್ಷತೆಯ ಪ್ರಶ್ನೆ ಎದ್ದಾಗಲೆಲ್ಲ ಮುಂದಿಡಲಾಗುವ ವಾದವೊಂದಿದೆ: ನೂರಾರು ವರ್ಷ ಜನರು ಬಳಸಿಕೊಂಡು ಬಂದಿರುವುದೇ ಅವು ನಿರಪಾಯಕಾರಿ ಎಂಬುದಕ್ಕೆ ಸಾಕ್ಷಿ. ಈ ವಾದವನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಸೇವಿಸಿದ ಕೂಡಲೇ ಕೆಡುಕು ಮಾಡುವ ಸಸ್ಯವನ್ನು ಯಾವ ಸಮಾಜವೂ ಬಹುಕಾಲ ಮದ್ದೆಂದು ಉಳಿಸಿಕೊಳ್ಳುವುದಿಲ್ಲ. ಆದರೆ ಆ ಸಾಕ್ಷ್ಯ ಎಲ್ಲಿಯವರೆಗೆ ನಿಲ್ಲುತ್ತದೆ, ಯಾವ ಹಂತದಲ್ಲಿ ಸಾಲದಾಗುತ್ತದೆ ಎಂಬುದನ್ನು ಯುರೋಪಿನ ಸೇಂಟ್ ಜಾನ್ಸ್ ವರ್ಟ್ ಎಂಬ ಹಳದಿ ಹೂವಿನ ಕಾಡುಗಿಡದ ಚರಿತ್ರೆ ಬಹಳ ಸ್ಪಷ್ಟವಾಗಿ ತೋರಿಸಿಕೊಡುತ್ತದೆ. ಸುಮಾರು ಎರಡು ಸಾವಿರ ವರ್ಷ ಗಾಯಕ್ಕೂ ಸುಟ್ಟ ಚರ್ಮಕ್ಕೂ ಮನಸ್ಸಿನ ಕಳವಳಕ್ಕೂ ಮದ್ದಾಗಿದ್ದ ಈ ಗಿಡ, ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಖಿನ್ನತೆಯ ಮಾತ್ರೆಯಾಗಿ ಲೋಕಪ್ರಸಿದ್ಧವಾಯಿತು. ಅದೇ ಹೊತ್ತಿಗೆ ಹೃದಯ ಕಸಿ ಮಾಡಿಸಿಕೊಂಡವರ ಮತ್ತು ಎಚ್‌ಐವಿ ಸೋಂಕಿತರ ಔಷಧಗಳನ್ನು ನಿಷ್ಫಲಗೊಳಿಸುವ ಶಕ್ತಿಯೂ ಅದಕ್ಕಿದೆಯೆಂದು ಗೊತ್ತಾಯಿತು.

ಬೆಳಕಿಗೆ ಹಿಡಿದಾಗ ಕಾಣುವ ಚುಕ್ಕೆಗಳು

ಸಸ್ಯಶಾಸ್ತ್ರದಲ್ಲಿ ಹೈಪರಿಕಂ ಪರ್ಫೊರೇಟಂ ಎಂದು ಕರೆಯಲಾಗುವ ಇದು ಬಹುವಾರ್ಷಿಕ ಗಿಡ. ಅಂದರೆ ಮೇಲಿನ ಭಾಗ ಒಣಗಿದರೂ ಬೇರು ಜೀವಂತವಾಗಿದ್ದು ವರ್ಷವರ್ಷವೂ ಹೊಸದಾಗಿ ಚಿಗುರುತ್ತದೆ. ಯುರೋಪು, ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾಗಳ ಹುಲ್ಲುಗಾವಲು, ರಸ್ತೆಬದಿ, ಬೀಳುಭೂಮಿಗಳಲ್ಲಿ ತಾನಾಗಿ ಹಬ್ಬುವ ಇದು ಸಾಮಾನ್ಯವಾಗಿ ಒಂದು ಮೀಟರಿನೊಳಗೆ ಬೆಳೆದು, ಐದು ದಳಗಳ ಹಳದಿ ಹೂಗಳನ್ನು ಗೊಂಚಲಾಗಿ ಬಿಡುತ್ತದೆ. ಕಾಂಡದ ಉದ್ದಕ್ಕೂ ಎರಡು ಉಬ್ಬುಗೆರೆಗಳಿರುವುದು ಮತ್ತು ಎಲೆಗಳು ಎದುರುಬದುರಾಗಿ ಜೋಡಿಯಾಗಿರುವುದು ಇದರ ಮುಖ್ಯ ಗುರುತುಗಳು. ಎಲೆಯನ್ನು ಬೆಳಕಿಗೆ ಹಿಡಿದರೆ ಸೂಜಿಯಿಂದ ಚುಚ್ಚಿದಂತೆ ಪಾರದರ್ಶಕ ಚುಕ್ಕೆಗಳು ಕಾಣಿಸುತ್ತವೆ. ಅವು ತೂತುಗಳಲ್ಲ, ತೈಲ ತುಂಬಿದ ಗ್ರಂಥಿಗಳು. ದಳಗಳ ಅಂಚಿನಲ್ಲಿ ಕಪ್ಪು ಚುಕ್ಕೆಗಳಿದ್ದು, ಬಿರಿಯದ ಮೊಗ್ಗನ್ನು ಬೆರಳುಗಳ ನಡುವೆ ಹಿಸುಕಿದರೆ ನೆತ್ತರಿನಂಥ ಕೆಂಪು ರಸ ಜಿನುಗುತ್ತದೆ. ಆ ಬಣ್ಣಕ್ಕೆ ಕಾರಣವಾದ ವಸ್ತುವಿನ ಹೆಸರು ಹೈಪರಿಸಿನ್. ಇದು ಮುಖ್ಯವಾಗಿ ಕಪ್ಪು ಚುಕ್ಕೆಗಳಲ್ಲಿ ಶೇಖರವಾಗಿರುತ್ತದೆ.

ಕ್ರೈಸ್ತರು ಸಂತ ಯೋಹಾನನ ಜನ್ಮದಿನವೆಂದು ಆಚರಿಸುವ ಜೂನ್ 24ರ ಆಸುಪಾಸಿನಲ್ಲಿ, ಅಂದರೆ ಉತ್ತರ ಗೋಲಾರ್ಧದಲ್ಲಿ ಹಗಲು ಅತ್ಯಂತ ದೀರ್ಘವಾಗಿರುವ ದಿನಗಳಲ್ಲಿ, ಗಿಡ ಹೂ ತುಂಬಿಕೊಳ್ಳುವುದರಿಂದ ಅದಕ್ಕೆ ಆ ಸಂತನ ಹೆಸರು ಬಂದಿತು. ಜರ್ಮನ್ ಭಾಷೆಯಲ್ಲೂ ಇದನ್ನು ಯೊಹಾನಿಸ್‌ಕ್ರೌಟ್ ಎಂದೇ ಕರೆಯುತ್ತಾರೆ. ಹಬ್ಬದ ಹಿಂದಿನ ರಾತ್ರಿ ಬೆಂಕಿ ಹಾಕಿ ಸುತ್ತ ನೆರೆಯುವುದು, ಆ ದಿನ ಕಿತ್ತು ತಂದ ಗಿಡದ ಕಟ್ಟನ್ನು ಬಾಗಿಲಿಗೂ ಕೊಟ್ಟಿಗೆಗೂ ಕಟ್ಟಿ ದುಷ್ಟಶಕ್ತಿಗಳನ್ನು ದೂರವಿಡುವುದು ಯುರೋಪಿನ ಹಲವು ಸೀಮೆಗಳಲ್ಲಿ ರೂಢಿಯಲ್ಲಿದ್ದ ಆಚರಣೆಗಳು. ಮಧ್ಯಯುಗದ ಲ್ಯಾಟಿನ್ ಬರಹಗಳು ಇದನ್ನು ಭೂತಗಳನ್ನು ಓಡಿಸುವ ಗಿಡವೆಂದು ಕರೆದಿವೆ. ಮನಸ್ಸಿನ ವಿಕಾರವನ್ನೂ ಭೂತದ ಕಾಟವನ್ನೂ ಒಂದೇ ಎಂದು ಬಗೆಯುತ್ತಿದ್ದ ಕಾಲದಲ್ಲಿ ಈ ನಂಬಿಕೆಗೂ ಮುಂದಿನ ವೈದ್ಯಕೀಯ ಬಳಕೆಗೂ ನಡುವಿನ ಅಂತರ ಹೆಚ್ಚೇನೂ ಇರಲಿಲ್ಲ.

ಹಳೆಯ ಗ್ರಂಥಗಳ ಸಾಕ್ಷ್ಯ

ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ಔಷಧದ್ರವ್ಯಗಳನ್ನು ಕುರಿತು ಬರೆದ ಗ್ರಂಥವು ಮುಂದಿನ ಸಾವಿರದೈನೂರು ವರ್ಷ ಯುರೋಪಿನ ವೈದ್ಯರಿಗೆ ಆಧಾರಗ್ರಂಥವಾಗಿತ್ತು. ಅದರಲ್ಲಿ ಹೈಪರಿಕಂ ಕುಲದ ಹಲವು ಗಿಡಗಳ ವರ್ಣನೆಯಿದ್ದು, ಸೊಂಟದಿಂದ ಕಾಲಿಗಿಳಿಯುವ ನರದ ನೋವು, ಸುಟ್ಟಗಾಯ, ಬಿಟ್ಟುಬಿಟ್ಟು ಬರುವ ಜ್ವರ ಮೊದಲಾದವುಗಳಿಗೆ ಅವನ್ನು ಬಳಸಬಹುದೆಂದು ಹೇಳಲಾಗಿದೆ. ಹದಿನಾರನೆಯ ಶತಮಾನದಲ್ಲಿ ಪ್ಯಾರಾಸೆಲ್ಸಸ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಸ್ವಿಸ್ ವೈದ್ಯ ಈ ಗಿಡವನ್ನು ಬಹುವಾಗಿ ಹೊಗಳಿ, ಗಾಯಗಳಿಗಷ್ಟೇ ಅಲ್ಲದೆ ಭ್ರಮೆ ಕಾಣುವ ಮನೋವಿಕಾರಕ್ಕೂ ಇದು ಮದ್ದೆಂದು ಪ್ರತಿಪಾದಿಸಿದ. ಇಂಗ್ಲೆಂಡಿನ ಜಾನ್ ಜೆರಾರ್ಡ್ 1597ರಲ್ಲಿ ಪ್ರಕಟಿಸಿದ ಸಸ್ಯಗ್ರಂಥದಲ್ಲಿ ಈ ಹೂವಿನ ಎಣ್ಣೆಗೆ ಆಳವಾದ ಗಾಯಗಳ ಮದ್ದಾಗಿ ಮನ್ನಣೆ ದೊರೆತರೆ, ರಾಬರ್ಟ್ ಬರ್ಟನ್ 1621ರಲ್ಲಿ ವಿಷಣ್ಣತೆಯನ್ನು ಕುರಿತು ಬರೆದ ಬೃಹತ್ ಗ್ರಂಥವು ಮನಸ್ಸಿನ ಮಂಕನ್ನು ಕಳೆಯುವ ವಸ್ತುಗಳ ಸಾಲಿನಲ್ಲಿ ಇದನ್ನೂ ಸೇರಿಸಿಕೊಂಡಿತು.

ಈ ನಂಬಿಕೆಗಳ ಹಿಂದೆ ಆ ಕಾಲದ ಒಂದು ಸಿದ್ಧಾಂತವೂ ಕೆಲಸ ಮಾಡಿದೆ. ಸಸ್ಯದ ಆಕಾರ, ಬಣ್ಣ, ಗುರುತುಗಳೇ ಅದು ಯಾವ ರೋಗಕ್ಕೆ ಮದ್ದೆಂಬುದನ್ನು ಸೂಚಿಸುತ್ತವೆ ಎಂಬುದು ಅದರ ತಿರುಳು. ಚುಚ್ಚಿದಂತೆ ಕಾಣುವ ಎಲೆ ಇರಿತದ ಗಾಯವನ್ನೂ ಮೊಗ್ಗಿನ ಕೆಂಪು ರಸ ರಕ್ತವನ್ನೂ ಹೋಲುವುದರಿಂದ ಈ ಗಿಡ ಗಾಯಕ್ಕೆ ತಕ್ಕ ಮದ್ದೆಂದು ತರ್ಕಿಸಲಾಯಿತು. ಇಂಥ ತರ್ಕಕ್ಕೆ ಇಂದು ವೈಜ್ಞಾನಿಕ ಬೆಲೆಯಿಲ್ಲ. ಆದರೂ ಗಿಡದಲ್ಲಿರುವ ಹೈಪರ್‌ಫೋರಿನ್ ಎಂಬ ಇನ್ನೊಂದು ವಸ್ತು ಕೆಲವು ಬಗೆಯ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆಂದು ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಕಂಡುಬಂದಿರುವುದರಿಂದ, ತಪ್ಪು ತರ್ಕದ ದಾರಿಯಲ್ಲಿ ನಡೆದವರು ಉಪಯುಕ್ತವಾದ ಬಳಕೆಯೊಂದನ್ನು ತಲುಪಿರಬಹುದೆಂದು ಭಾವಿಸಲು ಆಸ್ಪದವಿದೆ.

ಮನೆಮದ್ದಾಗಿ ಹೆಚ್ಚು ಬಳಕೆಯಲ್ಲಿದ್ದುದು ಕೆಂಪೆಣ್ಣೆ. ಆಗತಾನೆ ಬಿಡಿಸಿದ ಹೂಮೊಗ್ಗುಗಳನ್ನು ಜಜ್ಜಿ, ಗಾಜಿನ ಪಾತ್ರೆಯಲ್ಲಿ ಆಲಿವ್ ಎಣ್ಣೆಯೊಂದಿಗೆ ಬೆರೆಸಿ, ಹಲವು ವಾರ ಬಿಸಿಲಿನಲ್ಲಿಟ್ಟು ಆಗಾಗ ಕಲಕುತ್ತಿದ್ದರೆ ಎಣ್ಣೆ ನಿಧಾನವಾಗಿ ಮಾಣಿಕ್ಯದ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಸೋಸಿ, ಸಣ್ಣಪುಟ್ಟ ಗಾಯ, ಬಿಸಿಲಿಗೆ ಕೆಂಪಾದ ಚರ್ಮ, ಮೈಕೈ ನೋವುಗಳಿಗೆ ಹಚ್ಚುತ್ತಿದ್ದರು. ಒಣಗಿಸಿದ ಹೂ ಮತ್ತು ಎಲೆಗಳಿಗೆ ಕುದಿಯುವ ನೀರು ಸುರಿದು ಮಾಡಿದ ಕಷಾಯವನ್ನು ಹೊಟ್ಟೆಯ ತೊಂದರೆ, ನಿದ್ರಾಹೀನತೆ, ಕಳವಳಗಳಿಗೆ ಕುಡಿಯುತ್ತಿದ್ದರು. ಹಳೆಯ ಬಳಕೆಯೆಂದರೆ ಮುಖ್ಯವಾಗಿ ಹಚ್ಚುವ ಎಣ್ಣೆ ಮತ್ತು ಕುಡಿಯುವ ಕಷಾಯ ಎಂಬ ಈ ಅಂಶ ಮುಂದಿನ ಕಥೆಗೆ ಬಹಳ ಮುಖ್ಯವಾದದ್ದು.

ಖಿನ್ನತೆಗೆ ಮಾತ್ರೆ

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಜರ್ಮನಿ ಈ ಗಿಡವನ್ನು ಹೊಸ ರೂಪಕ್ಕೆ ತಂದಿತು. ಸಸ್ಯೌಷಧಗಳ ಗುಣಾವಗುಣಗಳನ್ನು ಪರಿಶೀಲಿಸಲು ಅಲ್ಲಿನ ಸರ್ಕಾರ ನೇಮಿಸಿದ್ದ, ಕಮಿಷನ್ ಇ ಎಂದು ಹೆಸರಾದ ತಜ್ಞರ ಸಮಿತಿಯು 1984ರಲ್ಲಿ ಇದರ ಆಂತರಿಕ ಬಳಕೆಗೆ ಒಪ್ಪಿಗೆ ನೀಡಿ, ಖಿನ್ನತೆ ಮತ್ತು ಆತಂಕಗಳನ್ನು ಅದರಲ್ಲಿ ಸೇರಿಸಿತು. ಔಷಧ ತಯಾರಕರು ಗಿಡವನ್ನು ಮೆಥನಾಲ್ ಅಥವಾ ಎಥನಾಲ್ ಬೆರೆತ ನೀರಿನಲ್ಲಿ ನೆನೆಸಿ, ದ್ರಾವಕವನ್ನು ಆವಿ ಮಾಡಿ, ಉಳಿದ ಒಣ ಸಾರವನ್ನು ಅಳತೆಗೆ ತಕ್ಕಂತೆ ಮಾತ್ರೆಯಾಗಿಸಿದರು. ದಿನಕ್ಕೆ ಮೂರು ಬಾರಿ 300 ಮಿಲಿಗ್ರಾಂನಂತೆ 900 ಮಿಲಿಗ್ರಾಂ ಸಾರ ಎಂಬುದು ಹೆಚ್ಚಿನ ಅಧ್ಯಯನಗಳಲ್ಲಿ ಬಳಕೆಯಾದ ಪ್ರಮಾಣ.

ಇಂಥ ಮಾತ್ರೆ ನಿಜಕ್ಕೂ ಫಲ ಕೊಡುತ್ತದೆಯೇ ಎಂಬುದನ್ನು ತಿಳಿಯಲು, ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಔಷಧವನ್ನೂ ಇನ್ನೊಂದಕ್ಕೆ ನೋಡಲು ಅದರಂತೆಯೇ ಇದ್ದು ಔಷಧಾಂಶವಿಲ್ಲದ ಹುಸಿಮಾತ್ರೆಯನ್ನೂ ಕೊಟ್ಟು ಹೋಲಿಸುವ ಪರೀಕ್ಷೆಗಳು ಬೇಕಾಗುತ್ತವೆ. 1996ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಹೀಗೆ ಚೀಟಿ ಎತ್ತಿದಂತೆ ವಿಂಗಡಿಸಿ ನಡೆಸಿದ 23 ಪರೀಕ್ಷೆಗಳನ್ನು, ಒಟ್ಟು 1,757 ರೋಗಿಗಳನ್ನು ಒಳಗೊಂಡ ವಿಶ್ಲೇಷಣೆಯನ್ನು ಪ್ರಕಟಿಸಿ, ಸೌಮ್ಯ ಮತ್ತು ಮಧ್ಯಮ ಖಿನ್ನತೆಯಲ್ಲಿ ಈ ಸಾರವು ಹುಸಿಮಾತ್ರೆಗಿಂತ ಮೇಲೆಂದು ತಿಳಿಸಿದಾಗ ಯುರೋಪಿನಾಚೆಗೂ ಇದರ ಬಗ್ಗೆ ಕುತೂಹಲ ಹಬ್ಬಿತು. ಆದರೆ 2002ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ, 340 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಸೇಂಟ್ ಜಾನ್ಸ್ ವರ್ಟ್ ಹುಸಿಮಾತ್ರೆಗಿಂತ ಉತ್ತಮವೆಂದು ಸಾಬೀತಾಗಲಿಲ್ಲ. ಸುದ್ದಿಯಲ್ಲಿ ಹೆಚ್ಚಾಗಿ ಮರೆತುಹೋದ ಅಂಶವೆಂದರೆ, ಅದೇ ಪರೀಕ್ಷೆಯಲ್ಲಿ ಹೋಲಿಕೆಗಾಗಿ ಕೊಟ್ಟಿದ್ದ ಸರ್ಟ್ರಲೀನ್ ಎಂಬ ಮಾನ್ಯ ಖಿನ್ನತೆ ನಿವಾರಕವೂ ಮುಖ್ಯ ಅಳತೆಗೋಲುಗಳಲ್ಲಿ ಹುಸಿಮಾತ್ರೆಯನ್ನು ಮೀರಲಿಲ್ಲ. ಹೀಗಾಗಿ ಆ ಪರೀಕ್ಷೆ ಗಿಡದ ವಿರುದ್ಧದ ಕೊನೆಯ ತೀರ್ಪಾಗಲಿಲ್ಲ. ಖಿನ್ನತೆಯ ಔಷಧಗಳನ್ನು ಅಳೆಯುವುದು ಎಷ್ಟು ಕಷ್ಟವೆಂಬುದನ್ನೂ ತೋರಿಸಿತು.

ವೈದ್ಯಕೀಯ ಸಾಕ್ಷ್ಯಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯು 2008ರಲ್ಲಿ 29 ಪರೀಕ್ಷೆಗಳ 5,489 ರೋಗಿಗಳ ಮಾಹಿತಿಯನ್ನು ಪರಿಶೀಲಿಸಿತು. ಪರೀಕ್ಷಿಸಲಾದ ಸಾರಗಳು ಹುಸಿಮಾತ್ರೆಗಿಂತ ಮೇಲು, ಮಾನ್ಯ ಖಿನ್ನತೆ ನಿವಾರಕಗಳಿಗೆ ಸರಿಸುಮಾರು ಸಮ, ಅಡ್ಡಪರಿಣಾಮಗಳಲ್ಲಿ ಅವುಗಳಿಗಿಂತ ಕಡಿಮೆ ಎಂಬುದು ಅದರ ತೀರ್ಮಾನ. ಜರ್ಮನ್ ಭಾಷಿಕ ದೇಶಗಳಲ್ಲಿ ನಡೆದ ಪರೀಕ್ಷೆಗಳ ಫಲಿತಾಂಶ ಬೇರೆಡೆಯವುಗಳಿಗಿಂತ ಹೆಚ್ಚು ಅನುಕೂಲಕರವಾಗಿದೆ ಎಂಬುದನ್ನೂ ಆ ಪರಿಶೀಲನೆ ಗುರುತಿಸಿದೆ. ಒಟ್ಟಿನಲ್ಲಿ, ಗುಣಮಟ್ಟ ಖಚಿತವಾಗಿರುವ ಸಾರಕ್ಕೆ ಸೌಮ್ಯ ಮತ್ತು ಮಧ್ಯಮ ಖಿನ್ನತೆಯಲ್ಲಿ ನಿಜವಾದ ಫಲವಿದೆ ಎಂಬುದು ಇಂದಿನ ಸಮಂಜಸವಾದ ಅಭಿಪ್ರಾಯ. ಆದರೆ ಈ ಮಾತು ಆತ್ಮಹತ್ಯೆಯ ಆಲೋಚನೆಗಳು ಬರುವಂಥ ತೀವ್ರ ಖಿನ್ನತೆಗೆ ಅನ್ವಯಿಸುವುದಿಲ್ಲ. ಅಲ್ಲಿ ಮನೋವೈದ್ಯರ ತುರ್ತು ನೆರವಿಗೆ ಯಾವ ಗಿಡವೂ ಬದಲಿಯಲ್ಲ.

ಫಲ ಹೇಗೆ ದೊರೆಯುತ್ತದೆ ಎಂಬ ಪ್ರಶ್ನೆಗೆ ಮೊದಮೊದಲು ಹೈಪರಿಸಿನ್ ಕಡೆಗೆ ಬೆರಳು ತೋರಿಸಲಾಗುತ್ತಿತ್ತು. ಮುಂದಿನ ಸಂಶೋಧನೆಗಳು ಹೆಚ್ಚಿನ ಪಾತ್ರ ಹೈಪರ್‌ಫೋರಿನ್‌ನದೆಂದು ಸೂಚಿಸಿದವು. ಮೆದುಳಿನ ನರಕೋಶಗಳು ಒಂದರೊಡನೊಂದು ವ್ಯವಹರಿಸಲು ಸೆರೊಟೋನಿನ್, ನಾರ್‌ಅಡ್ರಿನಲಿನ್, ಡೋಪಮೈನ್ ಮುಂತಾದ ವಾಹಕಗಳನ್ನು ಹೊರಬಿಟ್ಟು ಮತ್ತೆ ಒಳಗೆಳೆದುಕೊಳ್ಳುತ್ತವೆ. ಈ ಮರುಹೀರಿಕೆಯನ್ನು ಹೈಪರ್‌ಫೋರಿನ್ ತಗ್ಗಿಸುವುದರಿಂದ ವಾಹಕಗಳು ಕೋಶಗಳ ನಡುವೆ ಹೆಚ್ಚು ಹೊತ್ತು ಉಳಿಯುತ್ತವೆ. ಮಾತ್ರೆ ತೆಗೆದುಕೊಂಡ ಮರುದಿನವೇ ಮನಸ್ಸು ಹಗುರವಾಗುವುದಿಲ್ಲ. ಪರಿಣಾಮ ಕಾಣಿಸಿಕೊಳ್ಳಲು ನಾಲ್ಕು ವಾರಗಳವರೆಗೂ ಸಮಯ ಹಿಡಿಯಬಹುದು.

2000ದ ಫೆಬ್ರುವರಿಯ ಎಚ್ಚರಿಕೆ

ಹೈಪರಿಸಿನ್ ಕೆಲವು ವೈರಸ್‌ಗಳನ್ನು ತಡೆಯುತ್ತದೆ ಎಂಬ ಪ್ರಯೋಗಾಲಯದ ವರದಿ 1988ರಲ್ಲಿ ಬಂದ ಮೇಲೆ, ಆಗಿನ್ನೂ ಪರಿಣಾಮಕಾರಿ ಚಿಕಿತ್ಸೆಯಿಲ್ಲದೆ ನರಳುತ್ತಿದ್ದ ಎಚ್‌ಐವಿ ಸೋಂಕಿತರಲ್ಲಿ ಅನೇಕರು ಈ ಗಿಡದತ್ತ ತಿರುಗಿದರು. ಶುದ್ಧ ಹೈಪರಿಸಿನ್ ಅನ್ನು ರೋಗಿಗಳಿಗೆ ಕೊಟ್ಟು ನೋಡಿದಾಗ ವೈರಸ್ ಜಗ್ಗಲಿಲ್ಲ. ಬದಲಿಗೆ ಬೆಳಕು ಬಿದ್ದಲ್ಲೆಲ್ಲ ಚರ್ಮ ಉರಿದು ಕೆಂಪಾಗುವ ತೊಂದರೆ ಅನೇಕರಲ್ಲಿ ಕಾಣಿಸಿತು. ಅಷ್ಟರಲ್ಲಿ, 1996ರಲ್ಲಿ, ಇಂಡಿನಾವಿರ್ ಎಂಬ ಪ್ರಬಲ ಎಚ್‌ಐವಿ ಔಷಧ ಬಳಕೆಗೆ ಬಂದಿತ್ತು. ಅದರ ಜೊತೆಗೆ ಮನಸ್ಸಿನ ಸಮಾಧಾನಕ್ಕೆಂದು ಸೇಂಟ್ ಜಾನ್ಸ್ ವರ್ಟ್ ತೆಗೆದುಕೊಂಡರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸಂಶೋಧಕರು ಎಂಟು ಮಂದಿ ಆರೋಗ್ಯವಂತರಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು 2000ದ ಫೆಬ್ರುವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಎರಡು ವಾರ ಗಿಡದ ಮಾತ್ರೆ ಸೇವಿಸಿದ ಬಳಿಕ ಅವರ ರಕ್ತದಲ್ಲಿ ಇಂಡಿನಾವಿರ್‌ನ ಒಟ್ಟು ಪ್ರಮಾಣ ಸರಾಸರಿ ಶೇ 57ರಷ್ಟು ಕುಸಿದಿತ್ತು. ಔಷಧದ ಮಟ್ಟ ಹೀಗೆ ಕುಸಿದರೆ ವೈರಸ್ ಮತ್ತೆ ಹೆಚ್ಚುವುದಷ್ಟೇ ಅಲ್ಲ, ಆ ಔಷಧಕ್ಕೆ ಮಣಿಯದಿರುವುದನ್ನೂ ಕಲಿಯುತ್ತದೆ.

ಅದೇ ಸಂಚಿಕೆಯಲ್ಲಿ ಜೂರಿಕ್‌ನ ವೈದ್ಯರ ಇನ್ನೊಂದು ವರದಿಯಿತ್ತು. ಹೃದಯ ಕಸಿ ಮಾಡಿಸಿಕೊಂಡು ಚೆನ್ನಾಗಿದ್ದ ಇಬ್ಬರು ರೋಗಿಗಳು ಸೇಂಟ್ ಜಾನ್ಸ್ ವರ್ಟ್ ಸೇವಿಸತೊಡಗಿದ ಕೆಲವು ವಾರಗಳಲ್ಲಿ ಅವರ ದೇಹ ಕಸಿಮಾಡಿದ ಹೃದಯವನ್ನು ತಿರಸ್ಕರಿಸಲಾರಂಭಿಸಿತ್ತು. ಹೊರಗಿನ ಅಂಗವನ್ನು ದೇಹದ ರೋಗನಿರೋಧಕ ವ್ಯವಸ್ಥೆ ಶತ್ರುವೆಂದು ಬಗೆಯದಂತೆ ತಡೆಯಲು ಕೊಡುವ ಸೈಕ್ಲೋಸ್ಪೋರಿನ್ ಅವರ ರಕ್ತದಲ್ಲಿ ಇರಬೇಕಾದುದಕ್ಕಿಂತ ಕೆಳಗಿಳಿದಿತ್ತು. ಗಿಡದ ಮಾತ್ರೆ ನಿಲ್ಲಿಸಿದ ಮೇಲೆ ಸೈಕ್ಲೋಸ್ಪೋರಿನ್ ಮಟ್ಟ ಮತ್ತೆ ಸರಿಯಾಯಿತು. ಇದಕ್ಕೆ ಒಂದು ವರ್ಷ ಮೊದಲು, 1999ರಲ್ಲಿ, ಹೃದ್ರೋಗದ ಔಷಧವಾದ ಡಿಗಾಕ್ಸಿನ್‌ನ ಮಟ್ಟವನ್ನು ಹತ್ತು ದಿನಗಳ ಸೇವನೆಯೇ ಸುಮಾರು ಕಾಲು ಭಾಗ ತಗ್ಗಿಸುತ್ತದೆಂದು ಜರ್ಮನಿಯ ಅಧ್ಯಯನವೊಂದು ತೋರಿಸಿತ್ತು. ಕ್ಯಾನ್ಸರ್ ಔಷಧ ಇರಿನೊಟೆಕಾನ್‌ನಿಂದ ದೇಹದಲ್ಲಿ ಉಂಟಾಗುವ ಸಕ್ರಿಯ ವಸ್ತು ಶೇ 42ರಷ್ಟು ಇಳಿಯುತ್ತದೆಂದು 2002ರಲ್ಲಿ ವರದಿಯಾಯಿತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್‌ನ ಪರಿಣಾಮ ಕುಗ್ಗಿದ ಪ್ರಕರಣಗಳು, ಗರ್ಭನಿರೋಧಕ ಮಾತ್ರೆ ತಪ್ಪದೆ ನುಂಗುತ್ತಿದ್ದರೂ ನಡುನಡುವೆ ರಕ್ತಸ್ರಾವವಾದ ಮತ್ತು ಬಯಸದೆ ಗರ್ಭ ನಿಂತ ಪ್ರಕರಣಗಳು ಯುರೋಪಿನ ಔಷಧ ನಿಯಂತ್ರಕರ ಬಳಿ ಸೇರುತ್ತ ಹೋದವು.

ಇಷ್ಟೊಂದು ಬಗೆಬಗೆಯ ಔಷಧಗಳನ್ನು ಒಂದೇ ಗಿಡ ಹೇಗೆ ನಿಷ್ಫಲಗೊಳಿಸಬಲ್ಲದು ಎಂಬುದಕ್ಕೆ ವಿವರಣೆಯೂ 2000ದಲ್ಲೇ ದೊರೆಯಿತು. ಯಕೃತ್ತು ಮತ್ತು ಕರುಳಿನ ಕೋಶಗಳಲ್ಲಿ ಪಿಎಕ್ಸ್‌ಆರ್ ಎಂಬ ಗ್ರಾಹಿ, ಅಂದರೆ ಹೊರಗಿನ ರಾಸಾಯನಿಕಗಳು ದೇಹವನ್ನು ಹೊಕ್ಕುದನ್ನು ಗುರುತಿಸುವ ಪ್ರೋಟೀನ್ ಇದೆ. ಪರಕೀಯ ವಸ್ತು ಅದಕ್ಕೆ ಅಂಟಿಕೊಂಡಾಗ, ಅಂಥವನ್ನು ಒಡೆದುಹಾಕುವ ಸಿವೈಪಿ 3ಎ4 ಎಂಬ ಕಿಣ್ವವನ್ನೂ, ಕೋಶದೊಳಗೆ ಬಂದ ವಸ್ತುವನ್ನು ಹೊರದಬ್ಬುವ ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪನ್ನೂ ಹೆಚ್ಚು ಹೆಚ್ಚಾಗಿ ತಯಾರಿಸುವಂತೆ ಅದು ಜೀವಕೋಶಕ್ಕೆ ಆದೇಶ ನೀಡುತ್ತದೆ. ಹೈಪರ್‌ಫೋರಿನ್ ಈ ಗ್ರಾಹಿಯನ್ನು ಅತ್ಯಂತ ಪ್ರಬಲವಾಗಿ ಕೆರಳಿಸುವ ವಸ್ತುಗಳಲ್ಲೊಂದು. ಇಂದು ಬಳಕೆಯಲ್ಲಿರುವ ಔಷಧಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಒಡೆಯುವುದು ಇದೇ ಕಿಣ್ವವಾದ್ದರಿಂದ ಅವೆಲ್ಲವೂ ಒಟ್ಟಿಗೆ ಹೊಡೆತ ತಿನ್ನುತ್ತವೆ. ಕೆರೆಗೆ ಬರುವ ನೀರು ಮೊದಲಿನಷ್ಟೇ ಇದ್ದು ಹೆಚ್ಚಿನ ತೂಬುಗಳನ್ನು ತೆರೆದರೆ ನೀರಿನ ಮಟ್ಟ ಇಳಿಯುವಂತೆ, ರೋಗಿ ವೈದ್ಯರು ಹೇಳಿದಷ್ಟೇ ಮಾತ್ರೆಯನ್ನು ಹೊತ್ತುಹೊತ್ತಿಗೆ ನುಂಗುತ್ತಿದ್ದರೂ ರಕ್ತದಲ್ಲಿ ಔಷಧ ಸಾಕಷ್ಟು ಉಳಿಯುವುದಿಲ್ಲ.

ಈ ಅಪಾಯಕ್ಕೆ ಇನ್ನೊಂದು ಮುಖವೂ ಇದೆ. ಗಿಡದ ಮಾತ್ರೆ ನಿಲ್ಲಿಸಿದ ಮೇಲೆ ಹೆಚ್ಚಿದ ಕಿಣ್ವವು ಒಂದೆರಡು ವಾರಗಳಲ್ಲಿ ಮೊದಲಿನ ಮಟ್ಟಕ್ಕೆ ಮರಳುತ್ತದೆ. ಕುಗ್ಗಿದ ಪರಿಣಾಮವನ್ನು ಸರಿದೂಗಿಸಲು ವೈದ್ಯರು ಆ ನಡುವೆ ವಾರ್ಫರಿನ್ ಪ್ರಮಾಣವನ್ನು ಏರಿಸಿದ್ದರೆ, ಆಗ ಅದೇ ಪ್ರಮಾಣ ಅತಿಯಾಗಿ ರಕ್ತಸ್ರಾವಕ್ಕೆ ಎಡೆಮಾಡಿಕೊಡಬಹುದು. ಖಿನ್ನತೆಗೆ ಈಗಾಗಲೇ ಸೆರೊಟೋನಿನ್ ಹೆಚ್ಚಿಸುವ ಮಾತ್ರೆ ಸೇವಿಸುತ್ತಿರುವವರು ಇದನ್ನೂ ಸೇರಿಸಿಕೊಂಡರೆ ಆಗುವುದು ಬೇರೊಂದು ಬಗೆಯ ತೊಂದರೆ: ಎರಡೂ ಒಂದೇ ದಿಕ್ಕಿನಲ್ಲಿ ಕೆಲಸ ಮಾಡಿ, ನಡುಕ, ಬೆವರು, ಜ್ವರ, ಗೊಂದಲ, ಹೃದಯದ ಬಡಿತದ ಏರಿಕೆಗಳಿಂದ ಕೂಡಿದ, ಕೆಲವೊಮ್ಮೆ ಪ್ರಾಣಾಂತಿಕವಾಗಬಲ್ಲ ಸೆರೊಟೋನಿನ್ ಸಿಂಡ್ರೋಮ್ ತಲೆದೋರಬಹುದು.

ಸಂಪ್ರದಾಯಕ್ಕೆ ಇದೇಕೆ ತಿಳಿಯಲಿಲ್ಲ?

ಇಷ್ಟು ದೊಡ್ಡ ಅಪಾಯ ಎರಡು ಸಾವಿರ ವರ್ಷ ಯಾರ ಗಮನಕ್ಕೂ ಬಾರದಿದ್ದುದಕ್ಕೆ ಹಿಂದಿನವರ ಅಜಾಗರೂಕತೆ ಕಾರಣವಲ್ಲ. ಹೈಪರ್‌ಫೋರಿನ್ ನೀರಿನಲ್ಲಿ ಅಷ್ಟಾಗಿ ಕರಗದ, ಬೆಳಕು ಮತ್ತು ಗಾಳಿಗೆ ಬೇಗ ಕೆಡುವ ವಸ್ತುವಾದ್ದರಿಂದ ಕಷಾಯದ ಲೋಟದಲ್ಲಿ ಅದರ ಪ್ರಮಾಣ ತೀರ ಕಡಿಮೆ. ಹಚ್ಚುವ ಎಣ್ಣೆಯಿಂದ ದೇಹದೊಳಕ್ಕೆ ಸೇರುವುದೂ ಅಲ್ಪವೇ. ಆಲ್ಕೊಹಾಲ್ ದ್ರಾವಕದಿಂದ ತೆಗೆದ ಸಾಂದ್ರ ಸಾರವನ್ನು ದಿನವೂ ವಾರಗಟ್ಟಲೆ ಸೇವಿಸುವುದು ಆಧುನಿಕ ಕಾರ್ಖಾನೆಯ ಕೊಡುಗೆ. ಅಜ್ಜಿಯರ ಮದ್ದಿಗೂ ಈ ಮಾತ್ರೆಗೂ ಗಿಡ ಒಂದೇ ಆದರೂ ದೇಹದ ಲೆಕ್ಕದಲ್ಲಿ ಅವು ಬೇರೆ ಬೇರೆ ಪದಾರ್ಥಗಳು.

ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಈ ಗಿಡ ಕೆಡಿಸುವುದು ಜೊತೆಗೆ ಸೇವಿಸುವ ಔಷಧದ ಕೆಲಸವನ್ನು. ಆದರೆ ಹಾಗೆ ಕೆಡಬಲ್ಲ ಔಷಧಗಳೇ ಹಿಂದೆ ಇರಲಿಲ್ಲ. ವಾರ್ಫರಿನ್ ಮನುಷ್ಯರಿಗೆ ಔಷಧವಾದದ್ದು 1954ರಲ್ಲಿ, ಗರ್ಭನಿರೋಧಕ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1960ರಲ್ಲಿ, ಸೈಕ್ಲೋಸ್ಪೋರಿನ್‌ಗೆ 1983ರಲ್ಲಿ. ರಕ್ತದಲ್ಲಿ ಸ್ವಲ್ಪ ಹೆಚ್ಚಾದರೆ ವಿಷವಾಗುವ, ಸ್ವಲ್ಪ ಕಡಿಮೆಯಾದರೆ ನಿಷ್ಫಲವಾಗುವ ಇಂಥ ಇಕ್ಕಟ್ಟಿನ ಅಳತೆಯ ಔಷಧಗಳ ಮೇಲೆ ಲಕ್ಷಾಂತರ ಜನರ ಜೀವ ನಿಂತಿರುವ ಲೋಕವನ್ನು ಡಯಾಸ್ಕೊರಿಡೀಸ್ ಆಗಲಿ ಜೆರಾರ್ಡ್ ಆಗಲಿ ಕಂಡವರಲ್ಲ. ಪರಂಪರೆಯ ಸಾಕ್ಷ್ಯ ಸುಳ್ಳಾಗಿರಲಿಲ್ಲ. ಅದು ತಾನು ಕಂಡ ತಯಾರಿಕೆಗೆ, ತಾನು ಕಂಡ ಪ್ರಮಾಣಕ್ಕೆ, ತಾನು ಕಂಡ ರೋಗಿಗಳಿಗೆ ಮಾತ್ರ ಸಲ್ಲುತ್ತಿತ್ತು. ತಕ್ಷಣ ಕಾಣಿಸುವ ವಾಂತಿ, ಭೇದಿ, ಮೂರ್ಛೆಗಳನ್ನು ಜನರ ಅನುಭವ ಗುರುತಿಸಬಲ್ಲದು. ವಾರಗಳ ಬಳಿಕ ಮತ್ತೊಂದು ಔಷಧದ ಸೋಲಿನ ವೇಷದಲ್ಲಿ ಬರುವ ಹಾನಿಯನ್ನು ರಕ್ತಪರೀಕ್ಷೆಯ ನೆರವಿಲ್ಲದೆ ಗುರುತಿಸುವುದು ಯಾವ ಅನುಭವಿಗೂ ಸಾಧ್ಯವಿರಲಿಲ್ಲ.

ಬಿಸಿಲಿನಲ್ಲಿ ಬೆಂದ ಜಾನುವಾರುಗಳು

ಹಳಬರು ಕಣ್ಣಾರೆ ಕಂಡು ಅರಿತಿದ್ದ ಹಾನಿಯೂ ಒಂದಿತ್ತು. ಹುಲ್ಲುಗಾವಲಿನಲ್ಲಿ ಈ ಗಿಡವನ್ನು ಹೊಟ್ಟೆತುಂಬ ಮೇಯ್ದ ಕುರಿ, ದನ, ಕುದುರೆಗಳು ಬಿಸಿಲಿಗೆ ಬಂದಾಗ ಮೂತಿ, ಕಿವಿ, ಕಣ್ಣಿನ ಸುತ್ತ ಮತ್ತು ಬಿಳಿಯ ಬಣ್ಣದ ಭಾಗಗಳಲ್ಲಿ ಚರ್ಮ ಊದಿ, ಬೊಬ್ಬೆಯೆದ್ದು ಸುಲಿಯುತ್ತದೆ. ರಕ್ತದಲ್ಲಿ ಸೇರಿದ ಹೈಪರಿಸಿನ್ ಬೆಳಕನ್ನು ಹೀರಿ, ಆಮ್ಲಜನಕವನ್ನು ಕೋಶಗಳನ್ನು ಘಾಸಿಗೊಳಿಸುವ ಚುರುಕಿನ ರೂಪಕ್ಕೆ ತಿರುಗಿಸುವುದೇ ಇದಕ್ಕೆ ಕಾರಣ. ಕಪ್ಪು ಚರ್ಮದಲ್ಲಿರುವ ವರ್ಣದ್ರವ್ಯ ಬೆಳಕನ್ನು ತಡೆಯುವುದರಿಂದ ಆ ಭಾಗಗಳು ಪಾರಾಗುತ್ತವೆ. ಮನುಷ್ಯರು ಸೇವಿಸುವ ವಾಡಿಕೆಯ ಪ್ರಮಾಣದಲ್ಲಿ ಇದು ವಿರಳವಾದರೂ, ಬಿಳಿಚಿದ ಮೈಬಣ್ಣದವರು ಮತ್ತು ಬೆಳಕಿನ ಚಿಕಿತ್ಸೆ ಪಡೆಯುವವರು ಮಾತ್ರೆ ಸೇವಿಸುವ ಅವಧಿಯಲ್ಲಿ ಕಡುಬಿಸಿಲನ್ನು ತಪ್ಪಿಸಬೇಕೆಂಬ ಸೂಚನೆ ಇಂದಿಗೂ ಇದೆ.

ಈ ಗುಣದಿಂದಾಗಿಯೇ ಗಿಡವು ಹೊಸ ನೆಲಗಳಲ್ಲಿ ಪಿಡುಗಾಯಿತು. ವಲಸಿಗರೊಂದಿಗೆ ಉತ್ತರ ಅಮೆರಿಕ ಮತ್ತು ಆಸ್ಟ್ರೇಲಿಯಾಗಳನ್ನು ಸೇರಿದ ಇದು ಕ್ಯಾಲಿಫೋರ್ನಿಯಾದಲ್ಲಿ ಕ್ಲಾಮತ್ ನದಿಯ ಹೆಸರಿನ ಕಳೆಯೆಂದು ಕುಖ್ಯಾತವಾಗಿ, 1940ರ ದಶಕದ ಹೊತ್ತಿಗೆ ಸುಮಾರು 20 ಲಕ್ಷ ಎಕರೆ ಮೇವಿನ ಭೂಮಿಯನ್ನು ಆವರಿಸಿತ್ತು. ಯುರೋಪಿನಲ್ಲಿ ಈ ಗಿಡವನ್ನೇ ತಿಂದು ಬದುಕುವ ಕ್ರೈಸೊಲಿನಾ ಎಂಬ ಲೋಹದ ಹೊಳಪಿನ ಪುಟ್ಟ ಜೀರುಂಡೆಯನ್ನು ಆಸ್ಟ್ರೇಲಿಯಾ ಮೊದಲೇ ತರಿಸಿಕೊಂಡಿತ್ತು. ಅಲ್ಲಿಂದ ತಂದ ಜೀರುಂಡೆಗಳನ್ನು ಕ್ಯಾಲಿಫೋರ್ನಿಯಾದಲ್ಲಿ 1945ರಿಂದ ಬಿಡಲಾಯಿತು. ಮುಂದಿನ ಒಂದು ದಶಕದ ಆಸುಪಾಸಿನಲ್ಲಿ ಕಳೆ ಬಹುಪಾಲು ಹಿಮ್ಮೆಟ್ಟಿತು. ಕಳೆಯ ನಿಯಂತ್ರಣಕ್ಕೆ ಕೀಟವನ್ನು ಬಳಸುವ ಜೈವಿಕ ವಿಧಾನಕ್ಕೆ ಇದನ್ನು ಇಂದಿಗೂ ಮಾದರಿಯಾಗಿ ಪಾಠ ಹೇಳುತ್ತಾರೆ.

ದೇಶಕ್ಕೊಂದು ಕಾನೂನು

ಒಂದೇ ಮಾತ್ರೆಯನ್ನು ಬೇರೆ ಬೇರೆ ದೇಶಗಳು ಬೇರೆ ಬೇರೆ ಬಗೆಯಾಗಿ ಕಾಣುತ್ತವೆ. ಜರ್ಮನಿಯಲ್ಲಿ ಮಧ್ಯಮ ಖಿನ್ನತೆಗೆಂದು ಮಾನ್ಯವಾದ ಸಾರಗಳಿಗೆ ವೈದ್ಯರ ಚೀಟಿ ಬೇಕು. ಐರ್ಲೆಂಡ್ 2000ದಲ್ಲಿ ಇದನ್ನು ಚೀಟಿಯಿಲ್ಲದೆ ಮಾರಕೂಡದೆಂದು ನಿರ್ಬಂಧಿಸಿತು. ಬ್ರಿಟನ್ನಿನಲ್ಲಿ ಸಾಂಪ್ರದಾಯಿಕ ಸಸ್ಯೌಷಧವೆಂದು ನೋಂದಾಯಿಸಿದ ಉತ್ಪನ್ನಗಳು ಮಂಕಾದ ಮನಸ್ಥಿತಿ ಮತ್ತು ಸೌಮ್ಯ ಆತಂಕಗಳಿಗೆಂದು ಚೀಟಿಯಿಲ್ಲದೆ ದೊರೆಯುತ್ತವೆ. ಅಮೆರಿಕದಲ್ಲಿ 1994ರ ಕಾಯ್ದೆಯಂತೆ ಇದು ಔಷಧವೇ ಅಲ್ಲ, ಪೂರಕ ಆಹಾರ. ಮಾರುವ ಮೊದಲು ಅದರ ಫಲವನ್ನು ಸರ್ಕಾರಕ್ಕೆ ಸಾಬೀತುಪಡಿಸುವ ಹೊಣೆ ತಯಾರಕನ ಮೇಲಿಲ್ಲ. ಯುರೋಪಿಯನ್ ಔಷಧ ಸಂಸ್ಥೆ ಮಾತ್ರ ಎರಡು ಬಗೆಯ ಬಳಕೆಯನ್ನು ಸ್ಪಷ್ಟವಾಗಿ ಬೇರ್ಪಡಿಸಿದೆ: ಪರೀಕ್ಷೆಗಳ ಆಧಾರವಿರುವ ಒಣ ಸಾರಗಳನ್ನು ಸೌಮ್ಯ ಮತ್ತು ಮಧ್ಯಮ ಖಿನ್ನತೆಗೂ, ದೀರ್ಘಕಾಲದ ರೂಢಿಯಷ್ಟೇ ಆಧಾರವಾಗಿರುವ ಎಣ್ಣೆಯನ್ನು ಬಿಸಿಲಿನ ಉರಿ ಮತ್ತು ಸಣ್ಣ ಗಾಯಗಳಿಗೂ, ಇತರ ಸಾಂಪ್ರದಾಯಿಕ ತಯಾರಿಕೆಗಳನ್ನು ತಾತ್ಕಾಲಿಕ ಮಾನಸಿಕ ದಣಿವು ಹಾಗೂ ಹೊಟ್ಟೆಯ ಅಲ್ಪ ಕಿರಿಕಿರಿಗೂ ಅದು ಒಪ್ಪುತ್ತದೆ.

ಉತ್ಪನ್ನದ ಗುಣಮಟ್ಟವೂ ಸುರಕ್ಷತೆಯ ಪ್ರಶ್ನೆಯೇ. ಸಾರದ ಬಣ್ಣ ಸರಿಯಾಗಿ ಕಾಣಲೆಂದು ಕೃತಕ ಆಹಾರವರ್ಣಗಳನ್ನು ಬೆರೆಸಿದ, ಹೈಪರಿಕಂ ಕುಲದ ಬೇರೆ ಗಿಡಗಳನ್ನು ಬಳಸಿದ ಮಾದರಿಗಳು ಮಾರುಕಟ್ಟೆಯಲ್ಲಿ ಪತ್ತೆಯಾಗಿವೆ. ಹೈಪರ್‌ಫೋರಿನ್ ಅಂಶವೂ ಒಂದೊಂದು ತಯಾರಿಕೆಯಲ್ಲಿ ಒಂದೊಂದು ಪ್ರಮಾಣದಲ್ಲಿದ್ದು, ಅದು ತೀರ ಕಡಿಮೆಯಿರುವ ಸಾರಗಳು ಕಿಣ್ವವನ್ನು ಅಷ್ಟಾಗಿ ಕೆರಳಿಸುವುದಿಲ್ಲ. ಹಾಗಾಗಿ ಡಬ್ಬಿಯ ಮೇಲೆ ಗಿಡದ ಹೆಸರಿದ್ದ ಮಾತ್ರಕ್ಕೆ ಅದರ ಫಲವಾಗಲಿ ಅಪಾಯವಾಗಲಿ ಇಷ್ಟೇ ಎಂದು ಹೇಳಲಾಗದು.

ಭಾರತದ ನೆಲದಲ್ಲಿ

ಕಾಶ್ಮೀರದಿಂದ ಉತ್ತರಾಖಂಡದವರೆಗಿನ ಪಶ್ಚಿಮ ಹಿಮಾಲಯದಲ್ಲಿ ಈ ಗಿಡ ಸಹಜವಾಗಿ ಬೆಳೆಯುತ್ತದೆ. ಕರ್ನಾಟಕದಲ್ಲಿ ಅದು ಕಾಡುಗಿಡವಲ್ಲ. ಆದರೆ ಅದೇ ಕುಲಕ್ಕೆ ಸೇರಿದ, ಮೈಸೂರಿನ ಹೆಸರನ್ನೇ ಹೊತ್ತ ಹೈಪರಿಕಂ ಮೈಸೂರೆನ್ಸೆ ಎಂಬ ಪೊದೆಗಿಡವು ಪಶ್ಚಿಮ ಘಟ್ಟದ ಎತ್ತರದ ಹುಲ್ಲುಗಾವಲು ಮತ್ತು ಶೋಲಾ ಕಾಡುಗಳ ಅಂಚಿನಲ್ಲಿ ದೊಡ್ಡ ಹಳದಿ ಹೂಗಳನ್ನು ಬಿಡುತ್ತದೆ. ಕುಲ ಒಂದೇ ಎಂಬ ಕಾರಣಕ್ಕೆ ಯುರೋಪಿನ ಗಿಡದ ಮೇಲೆ ನಡೆದ ಪರೀಕ್ಷೆಗಳ ಫಲಿತಾಂಶವನ್ನು ಇದಕ್ಕೆ ಅನ್ವಯಿಸಿ, ಘಟ್ಟದ ಗಿಡವನ್ನು ಕಿತ್ತು ಕಷಾಯ ಮಾಡುವುದು ಸರಿಯಲ್ಲ. ರಾಸಾಯನಿಕಗಳ ಪ್ರಮಾಣ ಗಿಡದಿಂದ ಗಿಡಕ್ಕೆ ಬದಲಾಗುತ್ತದೆ.

ಕನ್ನಡ ನಾಡಿನಲ್ಲಿ ಹೈಪರಿಕಂ ಎಂಬ ಹೆಸರು ಹೆಚ್ಚಾಗಿ ಕೇಳಿಬರುವುದು ಹೋಮಿಯೋಪಥಿ ಅಂಗಡಿಗಳಲ್ಲಿ. ಅಲ್ಲಿ ಸಿಗುವ ಹೆಚ್ಚು ತೆಳುಗೊಳಿಸಿದ ತಯಾರಿಕೆಗಳಲ್ಲಿ ಗಿಡದ ಅಂಶ ಅಳೆಯುವಷ್ಟೂ ಉಳಿದಿರುವುದಿಲ್ಲವಾದ್ದರಿಂದ ಅವುಗಳಿಂದ ಔಷಧಗಳ ಮಟ್ಟ ಕುಸಿಯುವ ಸಂಭವವಿಲ್ಲ. ಮದರ್ ಟಿಂಕ್ಚರ್ ಎಂಬ ಮೂಲ ದ್ರಾವಣ ಮಾತ್ರ ಆಲ್ಕೊಹಾಲಿನಲ್ಲಿ ತೆಗೆದ ನಿಜವಾದ ಸಾರವೇ ಆಗಿರುವುದರಿಂದ ಅದನ್ನು ಹಗುರವಾಗಿ ಪರಿಗಣಿಸುವಂತಿಲ್ಲ. ಇನ್ನು ಯುರೋಪ್, ಅಮೆರಿಕಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಔಷಧದಂಗಡಿಯ ಶೆಲ್ಫಿನಲ್ಲಿ ಕೈಗೆಟಕುವ ಡಬ್ಬಿ. ಊರಿನಲ್ಲಿರುವ ತಂದೆತಾಯಿಯರಿಗೆ ನಿದ್ರೆಗೋ ಸಮಾಧಾನಕ್ಕೋ ಎಂದು ಅದನ್ನು ಕಳುಹಿಸುವ ಮುನ್ನ, ಆ ಹಿರಿಯರು ಹೃದಯ, ರಕ್ತ, ಅಪಸ್ಮಾರ ಅಥವಾ ಕ್ಯಾನ್ಸರಿನ ಔಷಧಗಳನ್ನು ಸೇವಿಸುತ್ತಿದ್ದಾರೆಯೇ ಎಂಬುದನ್ನು ಮೊದಲು ವಿಚಾರಿಸುವುದು ಅಗತ್ಯ.

ಬಳಸುವ ಮುನ್ನ ತಿಳಿಯಬೇಕಾದದ್ದು

ಬೇರೆ ಯಾವ ಔಷಧವನ್ನೂ ಸೇವಿಸದ ವಯಸ್ಕರಿಗೆ ಈ ಸಾರದಿಂದ ಆಗುವ ತೊಂದರೆ ಸಾಮಾನ್ಯವಾಗಿ ಅಲ್ಪವೇ: ಹೊಟ್ಟೆಯ ಕಿರಿಕಿರಿ, ದಣಿವು, ಚಡಪಡಿಕೆ, ಚರ್ಮದ ಅಲರ್ಜಿ. ಆದರೆ ಅಂಗಾಂಗ ಕಸಿ ಮಾಡಿಸಿಕೊಂಡವರು, ಎಚ್‌ಐವಿ ಔಷಧ, ವಾರ್ಫರಿನ್, ಡಿಗಾಕ್ಸಿನ್, ಕೆಲವು ಕ್ಯಾನ್ಸರ್ ಔಷಧಗಳು, ಗರ್ಭನಿರೋಧಕ ಮಾತ್ರೆ ಅಥವಾ ಇತರ ಖಿನ್ನತೆ ನಿವಾರಕಗಳನ್ನು ಸೇವಿಸುವವರು ಇದನ್ನು ತಾವಾಗಿಯೇ ಮುಟ್ಟಕೂಡದು. ಗರ್ಭಿಣಿಯರಿಗೆ, ಮೊಲೆಯೂಡಿಸುವ ತಾಯಂದಿರಿಗೆ, 18 ವರ್ಷದೊಳಗಿನವರಿಗೆ ಸಾಕಷ್ಟು ಮಾಹಿತಿಯಿಲ್ಲದ ಕಾರಣ ಇದನ್ನು ಶಿಫಾರಸು ಮಾಡುವುದಿಲ್ಲ. ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆಯವರಲ್ಲಿ ಇದು ಉನ್ಮಾದವನ್ನು ಕೆರಳಿಸಿದ ಪ್ರಕರಣಗಳಿವೆ. ಈಗಾಗಲೇ ಸೇವಿಸುತ್ತಿರುವವರು ಥಟ್ಟನೆ ನಿಲ್ಲಿಸುವ ಮೊದಲು ವೈದ್ಯರಿಗೆ ತಿಳಿಸಿದರೆ, ಜೊತೆಯ ಔಷಧದ ಪ್ರಮಾಣವನ್ನು ರಕ್ತಪರೀಕ್ಷೆ ಮಾಡಿ ಹೊಂದಿಸಬಹುದು. ಶಸ್ತ್ರಚಿಕಿತ್ಸೆಗೆ ಒಳಗಾಗುವವರು ಅರಿವಳಿಕೆ ತಜ್ಞರಿಗೆ ಮುಂಚಿತವಾಗಿಯೇ ಹೇಳಬೇಕು.

ಇವೆಲ್ಲಕ್ಕೂ ತಳಹದಿಯಾದ ಅಭ್ಯಾಸವೊಂದಿದೆ. ಏನೇನು ಔಷಧ ತೆಗೆದುಕೊಳ್ಳುತ್ತೀರಿ ಎಂದು ವೈದ್ಯರು ಕೇಳಿದಾಗ ಗಿಡಮೂಲಿಕೆಗಳನ್ನು ಬಿಟ್ಟು ಉಳಿದುದನ್ನು ಮಾತ್ರ ಹೇಳುವ ರೂಢಿ ಎಲ್ಲೆಡೆಯೂ ಇದೆ, ಏಕೆಂದರೆ ರೋಗಿ ಅವನ್ನು ಔಷಧದ ಲೆಕ್ಕಕ್ಕೇ ಸೇರಿಸಿರುವುದಿಲ್ಲ. ಖಿನ್ನತೆಯನ್ನು ತಗ್ಗಿಸುವಷ್ಟು ಶಕ್ತಿ ಇರುವ ಗಿಡಕ್ಕೆ ಬೇರೊಂದು ಔಷಧವನ್ನು ಸೋಲಿಸುವಷ್ಟು ಶಕ್ತಿಯೂ ಇರುತ್ತದೆ. ಫಲವನ್ನು ಒಪ್ಪಿಕೊಂಡು ಅಪಾಯವನ್ನು ಅಲ್ಲಗಳೆಯುವುದು ತರ್ಕಕ್ಕೆ ನಿಲ್ಲದ ಮಾತು. ಯಾವ ತಯಾರಿಕೆ, ಎಷ್ಟು ಪ್ರಮಾಣ, ಜೊತೆಯಲ್ಲಿ ಯಾವ ಔಷಧ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲಷ್ಟೇ ಒಂದು ಗಿಡದ ಹಳೆಯ ಹೆಸರು ಇಂದಿನ ರೋಗಿಗೆ ಭರವಸೆಯಾಗಬಲ್ಲದು.